ಮೂಳೆಗೆ ಹಾಕಿದ ಸ್ಟೀಲ್ ಪ್ಲೇಟ್ ದೇಹದೊಳಗೆ ತುಕ್ಕು ಹಿಡಿಯುತ್ತದೆಯೇ?

ಕಬ್ಬಿಣದ ಗೇಟಿನ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಆದರೆ ನಿಧಾನವಾಗಿ ಸವೆಯಬಹುದು, ಅದೂ ಕಣ್ಣಿಗೆ ಕಾಣದ ಸಂದಿಯಲ್ಲಿ.

ಇಂಥ ಪ್ಲೇಟುಗಳಿಗೆ ಸಾಮಾನ್ಯವಾಗಿ ಬಳಸುವುದು 316ಎಲ್ ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಶೇ. 17ರಿಂದ 19ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಗೀರು ಬಿದ್ದರೂ ಪದರ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ, ಆಮ್ಲಜನಕ ಸಿಕ್ಕರೆ ಮಾತ್ರ.

ನಿಜವಾದ ತೊಂದರೆ ಇರುವುದು ಇಲ್ಲೇ. ಸ್ಕ್ರೂ ತಲೆಗೂ ಪ್ಲೇಟಿಗೂ ನಡುವಿನ ಸಂದಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ನಮ್ಮ ದೇಹದ ದ್ರವ ಉಪ್ಪುಪ್ಪು ಅಲ್ವಾ? ಅದರಲ್ಲಿನ ಕ್ಲೋರೈಡ್ ಆ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಒಳಗಿನ ದ್ರವ ಆಮ್ಲೀಯವಾಗುತ್ತದೆ. ಜೊತೆಗೆ ನಡೆದಾಗಲೆಲ್ಲ ಎರಡೂ ಸ್ವಲ್ಪ ಉಜ್ಜಿಕೊಂಡು ಪದರ ಕಿತ್ತುಹೋಗುತ್ತಿರುತ್ತದೆ. ಹೊರತೆಗೆದ ಪ್ಲೇಟುಗಳಲ್ಲಿ ಸ್ಕ್ರೂ ತೂತಿನ ಸುತ್ತಲೇ ಸವೆತ ಜಾಸ್ತಿ ಕಾಣುವುದು ಇದಕ್ಕೇ. ಈ ಕ್ಲೋರೈಡ್ ಕಾಟ ತಡೆಯಲೆಂದೇ ಸ್ಟೀಲಿಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಸೇರಿಸುತ್ತಾರೆ. ಕಾರ್ಬನ್ ಶೇ. 0.03 ಮೀರುವಂತಿಲ್ಲ. ಜಾಸ್ತಿಯಾದರೆ, ಬಿಸಿ ಮಾಡುವಾಗ ಅದು ಕ್ರೋಮಿಯಂ ಅನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಪದರ ಕಟ್ಟಲು ಕ್ರೋಮಿಯಂ ಸಾಲದಾಗುತ್ತದೆ.

ಸವೆದಾಗ ಸ್ಟೀಲಿನಲ್ಲಿರುವ ನಿಕಲ್, ಕ್ರೋಮಿಯಂಗಳ ಅಯಾನುಗಳು (ವಿದ್ಯುದಾವೇಶ ಇರುವ ಸೂಕ್ಷ್ಮ ಕಣಗಳು) ಸುತ್ತಲಿನ ಮಾಂಸಕ್ಕೆ ಸೇರುತ್ತವೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ನಿಕಲ್ ಅಲರ್ಜಿ ಇರುವ ಕೆಲವರಿಗೆ ತೊಂದರೆಯಾಗಬಹುದು. ಅಗ್ಗದ ಓಲೆಯಿಂದಲೋ ವಾಚಿನಿಂದಲೋ ನಿಮಗೆ ತುರಿಕೆ ಬಂದಿದ್ದರೆ ಸುಮ್ನೆ ಬಿಡಬೇಡಿ, ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಬದಲಿಗೆ ಟೈಟಾನಿಯಂ ಪ್ಲೇಟ್ ಹಾಕಬಹುದೇ ಎಂದು ಅವರು ನೋಡುತ್ತಾರೆ.