ಬೆಂಕಿ ತನಿಖೆ ಮಾಡಿದವರು ಹೇಳಿದ್ದನ್ನೆಲ್ಲ ಕೋರ್ಟ್ ಒಪ್ಪುತ್ತದಾ?

ಇಲ್ಲ. ತಜ್ಞರ ಮಾತು ಕೋರ್ಟಿಗೆ ಒಂದು ಅಭಿಪ್ರಾಯ, ಅಷ್ಟೇ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅದನ್ನು ಕೇಳಲು ಅವಕಾಶ ಕೊಡುತ್ತದೆ, ಒಪ್ಪಲೇಬೇಕು ಅನ್ನುವುದಿಲ್ಲ. ಆ ತೀರ್ಮಾನಕ್ಕೆ ಹೇಗೆ ಬಂದರು ಅನ್ನುವುದನ್ನು ಜಡ್ಜ್ ತಾವೇ ಪರೀಕ್ಷಿಸುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಯಾಕಿಷ್ಟು ಬಿಗಿ? ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ ಸುಟ್ಟಿದೆ ಅಂದುಕೊಳ್ಳಿ. ನೆಲದ ಮೇಲೆ ನೀರು ಚೆಲ್ಲಿ ಹರಿದ ಹಾಗೆ ಕರಿ ಕಲೆ. ನೋಡಿದ ತಕ್ಷಣ ಪೆಟ್ರೋಲ್ ಸುರಿದಿದ್ದಾರೆ ಅನ್ನಿಸುತ್ತದೆ, ಅಲ್ವಾ? ಆದರೆ ಚಾವಣಿ ಕೆಳಗಿನ ಹೊಗೆ ಸುಮಾರು 600 ಡಿಗ್ರಿ ಮುಟ್ಟಿದರೆ ಕೋಣೆಯಲ್ಲಿರುವುದೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಆಗ ಪೆಟ್ರೋಲ್ ಇಲ್ಲದೆಯೂ ಅಂಥದೇ ಕಲೆ ಬೀಳಬಹುದು. ಅದಕ್ಕೇ ಸುಟ್ಟ ಜಾಗದಿಂದ ತೆಗೆದು ಸೀಲ್ ಮಾಡಿದ ಮಾದರಿ (ಸ್ಯಾಂಪಲ್) ಎಲ್ಲಿ, ಲ್ಯಾಬ್ ವರದಿ ಏನನ್ನುತ್ತದೆ, ಶಾರ್ಟ್ ಸರ್ಕ್ಯೂಟ್ ಅಲ್ಲ ಅಂತ ಹೇಗೆ ಗೊತ್ತಾಯಿತು ಅಂತೆಲ್ಲ ವಕೀಲರು ಪಾಟೀಸವಾಲಿನಲ್ಲಿ ಕೆದಕುತ್ತಾರೆ.