ಕಲಬುರಗಿಯ ಸಣ್ಣ ಶಾಪಿನಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಕ್ಯಾಮ್ ಕೋರ್ಸ್ ಮಾಡಲಾ?

2 ವರ್ಷದಿಂದ ಬರೀ ಬಟನ್ ಒತ್ತುವ ಕೆಲಸ, ಪ್ರೋಗ್ರಾಮರ್ ಆಗಬೇಕು, 45 ಸಾವಿರ ಕೊಟ್ಟು 3 ತಿಂಗಳು ಬೆಂಗಳೂರಿನಲ್ಲಿ ಕ್ಯಾಮ್ (ಕಂಪ್ಯೂಟರಿನಲ್ಲಿ ಮಷೀನಿನ ಪ್ರೋಗ್ರಾಂ ತಯಾರಿಸೋದು) ಕಲಿಯಲಾ ಅಂತ ಕೇಳಿದ್ದೀರಿ. ‘ಬರೀ ಬಟನ್ ಒತ್ತುವ ಕೆಲಸ’ ಅನ್ನೋದನ್ನು ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ತೊಳಸಿದ ಹಾಗಾಯಿತು. 2015ರಲ್ಲಿ ನಾನೂ ಇದೇ ಮಾತು ಹೇಳಿಕೊಂಡು ಇದೇ ಊರಲ್ಲಿ ತಿರುಗುತ್ತಿದ್ದೆ. ಅದೇ ಬಟನ್ ಒಂದು ಸಲ ಒತ್ತಿದ್ದಕ್ಕೆ 10 ತಿಂಗಳು ಸಂಬಳದಲ್ಲಿ ದುಡ್ಡು ಹಿಡಿದುಕೊಂಡರು.

ನಮ್ಮ ಶಾಪ್ ಹುಮನಾಬಾದ್ ರಸ್ತೆಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಒಂದು ಸಿಎನ್‌ಸಿ, ಅಂದರೆ ಪ್ರೋಗ್ರಾಂ ಓದಿ ತಾನೇ ಓಡುವ ಲೇಥ್, ಎರಡು ಹಳೇ ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್, ಅಷ್ಟೇ. ಕೆಲಸ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ದಾಲ್ ಮಿಲ್ಲಿನ ಶಾಫ್ಟು, ಪುಲ್ಲಿ, ಬೇರಿಂಗ್ ಹೌಸಿಂಗ್. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಗನ್‌ಮೆಟಲ್ ಬುಷ್. ಆಗಾಗ ಶಹಾಬಾದ್ ಕಲ್ಲಿನ ಪಾಲಿಶ್ ಮಷೀನಿನ ಸ್ಪಿಂಡಲ್. ಏಸಿ ಗೀಸಿ ಇಲ್ಲ. ಏಪ್ರಿಲ್ ಬಂದರೆ ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲು ತೆಗೆದು ಮುಂದೆ ಟೇಬಲ್ ಫ್ಯಾನ್ ಇಡುತ್ತಿದ್ದೆವು, ಇಲ್ಲದಿದ್ದರೆ ಡ್ರೈವ್ ಕಾದು ಅಲಾರಂ ಹೊಡೆಯುತ್ತಿತ್ತು. ಧೂಳು ಹೋಗುತ್ತೆ, ಮಾಡಬಾರದು ಅಂತ ಗೊತ್ತು. ಎಲ್ಲರೂ ಮಾಡುತ್ತಾರೆ.

ಶಾಪಿನಲ್ಲಿ ಒಬ್ಬರು ಉಸ್ತಾದ್ ಇದ್ದರು. ಪ್ರೋಗ್ರಾಂ ಬರೆಯೋದು, ಟೂಲ್ ಸೆಟ್ ಮಾಡೋದು, ಮೊದಲ ಪೀಸ್ ತೆಗೆಯೋದು ಎಲ್ಲ ಅವರದೇ. ಎರಡನೇ ಪೀಸಿನಿಂದ ನಾನು. ನನಗೆ ಇದು ಅವಮಾನ ಅನ್ನಿಸುತ್ತಿತ್ತು. ಐಟಿಐ ಮಾಡಿದ್ದೇನೆ, ಜಿ71, ಜಿ76 ಅಂತ ಪ್ರೋಗ್ರಾಂ ಕೋಡ್ ಎಲ್ಲ ನೋಟ್‌ಬುಕ್ಕಿನಲ್ಲಿದೆ, ಈ ಮನುಷ್ಯ 7ನೇ ಕ್ಲಾಸ್, ಇವರೇನು ಬರೆಯೋದು, ನಾನೇನು ಒತ್ತೋದು ಅಂತ.

ಏಪ್ರಿಲ್ ತಿಂಗಳ ಒಂದು ಶುಕ್ರವಾರ. ಬೀಡಿನ (ಎರಕದ ಕಬ್ಬಿಣದ) ಬೇರಿಂಗ್ ಹೌಸಿಂಗ್, 30 ಪೀಸಿನ ಆರ್ಡರ್, 6210 ನಂಬರಿನ ಬೇರಿಂಗ್ ಕೂರೋಕೆ 90 ಎಂಎಂ ಬೋರ್ (ಒಳಗಿನ ತೂತು), ಹೆಚ್7 ಫಿಟ್. ಅಂದರೆ 90ರಿಂದ 90.035ರ ಒಳಗೆ ಬರಬೇಕು. 22 ಪೀಸ್ ಮುಗಿದಿದ್ದವು. ಉಸ್ತಾದ್ ಜುಮ್ಮಾ ನಮಾಜಿಗೆ ಹೋದರು. 23ನೆಯದು ಅರ್ಧ ಬೋರ್ ಆಗಿತ್ತು, ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಬಿಟ್ಟು ಬಂತು. ಬೋರಿಂಗ್ ಬಾರ್ (ತೂತು ಕೊರೆಯುವ ಉದ್ದನೆ ಟೂಲ್) ಜಾಬಿನ, ಅಂದರೆ ಆ ಹೌಸಿಂಗಿನ, ಒಳಗೇ ನಿಂತಿದೆ. ಇಲ್ಲಿ ನಾನು ಸರಿಯಾಗಿಯೇ ಮಾಡಿದೆ ನೋಡಿ. ಟೂಲನ್ನು ಶುರುವಿನ ಜಾಗಕ್ಕೆ ಕಳಿಸುವ ಹೋಮ್ ನೇರ ಒತ್ತಿ ಎಕ್ಸ್ (ಅಡ್ಡಕ್ಕೆ) ಮೊದಲು ಎದ್ದರೆ ಬಾರ್ ಬೋರಿನ ಗೋಡೆಗೆ ಹೊಡೆಯುತ್ತೆ, ಅದಕ್ಕೆ ಹ್ಯಾಂಡ್ ವೀಲ್ ಹಿಡಿದು ಝಡ್‌ನಲ್ಲಿ (ಉದ್ದಕ್ಕೆ) ಮೆಲ್ಲಗೆ ಹೊರಗೆ ತಂದೆ, ಆಮೇಲೆ ಹೋಮ್ ಮಾಡಿದೆ. ಬಹಳ ಹೆಮ್ಮೆ ಆಯಿತು. ಆ ಹೆಮ್ಮೆಯಲ್ಲೇ ಮುಂದಿನದೆಲ್ಲ ಆಗಿದ್ದು.

ಟೂಲುಗಳನ್ನು ಹಿಡಿದಿರುವ ಟರೆಟ್ ಸರಿ ತಿರುಗುತ್ತಾ ನೋಡೋಣ ಅಂತ ಎಂಡಿಐನಲ್ಲಿ (ಕೈಯಿಂದ ಸಾಲು ಟೈಪ್ ಮಾಡಿ ಓಡಿಸುವ ಮೋಡ್) ಟಿ0101 ಕೊಟ್ಟೆ. ತಿರುಗಿತು. ಆಮೇಲೆ ಬೋರಿಂಗ್ ಬಾರಿನ ಇನ್ಸರ್ಟ್ (ತುದಿಯಲ್ಲಿರುವ ಕೊರೆಯುವ ಬಿಲ್ಲೆ) ಒಡೆದಿದೆಯಾ ಅಂತ ನೋಡಬೇಕಿತ್ತು. ಅದು 5ನೇ ಸ್ಟೇಷನ್. ಜಾಗ್ (ಕೈಯಿಂದ ಓಡಿಸುವ) ಮೋಡಿಗೆ ಹಾಕಿ ಟರೆಟ್ ಬಟನ್ ಒತ್ತಿ ಒತ್ತಿ 5ಕ್ಕೆ ತಂದೆ. ಇನ್ಸರ್ಟಿನ ಮೂಲೆ ಹೋಗಿತ್ತು, ತಿರುಗಿಸಿ ಬೇರೆ ಮೂಲೆ ಹಾಕಿದೆ. ಎಡಿಟ್‌ಗೆ ಹೋಗಿ ಬೋರಿಂಗ್ ಭಾಗ ಹುಡುಕಿದೆ. ಅಲ್ಲಿ ಮೊದಲ ಸಾಲು ಟಿ0505, ಅದರ ಕೆಳಗೆ ಸ್ಪಿಂಡಲ್ ಸಾಲು ಜಿ97 ಎಸ್450 ಎಂ03, ಅದರ ಕೆಳಗೆ ಜಿ00 ಎಕ್ಸ್84. ಝಡ್5. ಅಂತಿತ್ತು. ಟೂಲ್ ಹೇಗೂ 5ರಲ್ಲೇ ಇದೆಯಲ್ಲ, ಮತ್ತೆ ಯಾಕೆ ಕರೆಯಬೇಕು ಅಂತ ಕರ್ಸರ್ ಸ್ಪಿಂಡಲ್ ಸಾಲಿನ ಮೇಲೆ ಇಟ್ಟು ಸೈಕಲ್ ಸ್ಟಾರ್ಟ್ (ಹಸಿರು ಬಟನ್) ಒತ್ತಿದೆ. ರ‍್ಯಾಪಿಡ್ (ಕೊರೆಯದೆ ಓಡುವಾಗಿನ ವೇಗ) ಶೇಕಡ 100ರಲ್ಲಿತ್ತು.

ಈ ಒಂದು ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರಾಗಬೇಡಿ. ಟಿ0505ರಲ್ಲಿ ಮೊದಲ ಎರಡು ಅಂಕಿ ಟರೆಟ್ಟಿನ ಸ್ಟೇಷನ್, ಕೊನೆಯ ಎರಡು ಆಫ್‌ಸೆಟ್ ನಂಬರ್, ಅಂದರೆ ಆ ಟೂಲಿನ ತುದಿ ಎಲ್ಲಿದೆ ಅನ್ನೋ ಅಳತೆ. ಎರಡೂ ಬೇರೆ ಬೇರೆ ಕೆಲಸ. ನಮ್ಮ ಮಷೀನಿನಲ್ಲಿ ಟರೆಟ್ ಬಟನ್ ಕೈಯಿಂದ ಒತ್ತಿದರೆ ಮೊದಲಿನದು ಮಾತ್ರ ಆಗುತ್ತೆ, ಕಬ್ಬಿಣ ತಿರುಗುತ್ತೆ. ಕಂಟ್ರೋಲಿಗೆ ಅದು ಗೊತ್ತಾಗಲ್ಲ. ಅದರ ತಲೆಯಲ್ಲಿ ಕೊನೆಗೆ ಓದಿದ ಆಫ್‌ಸೆಟ್ ಯಾವುದೋ ಅದೇ ಇರುತ್ತೆ, ನನ್ನ ಕೇಸಿನಲ್ಲಿ 01. 1ನೇ ಸ್ಟೇಷನ್ನಿನಲ್ಲಿ ಇದ್ದದ್ದು ಫೇಸಿಂಗ್ ಟೂಲ್, ಹೊರಗೆ ಗಿಡ್ಡಕ್ಕೆ ಇರುತ್ತೆ. ಬೋರಿಂಗ್ ಬಾರ್ ಅದಕ್ಕಿಂತ ಸುಮಾರು 70 ಎಂಎಂ ಮುಂದಕ್ಕೆ ಚಾಚಿತ್ತು. ಜಾಬಿನ ಮುಖದಿಂದ 5 ಎಂಎಂ ಈಚೆ ನಿಲ್ಲು ಅಂತ ಪ್ರೋಗ್ರಾಂ ಹೇಳಿದರೆ ಕಂಟ್ರೋಲ್ ಗಿಡ್ಡ ಟೂಲಿನ ತುದಿಯನ್ನು ಅಲ್ಲಿ ನಿಲ್ಲಿಸೋಕೆ ಹೊರಟಿತು. ಬಾರಿನ ತುದಿ ಹೋಗಬೇಕಾದದ್ದು ಜಾಬಿನ ಒಳಗೆ 65 ಎಂಎಂ. ಎಕ್ಸ್‌ನ ಆಫ್‌ಸೆಟ್ಟೂ ಬೇರೆ, ಹಾಗಾಗಿ ಬೋರಿನ ತೂತಿಗೂ ಸಿಗಲಿಲ್ಲ, ನೇರ ಬೀಡಿನ ಮುಖಕ್ಕೆ.

ಟೂಲಿನ ಓಟ ನಿಲ್ಲಿಸುವ ಫೀಡ್ ಹೋಲ್ಡ್ ಒತ್ತಬಹುದಿತ್ತಲ್ಲ ಅಂತ ಕೇಳ್ತೀರಿ. ಆ ಮಷೀನಿನ ರ‍್ಯಾಪಿಡ್ ನಿಮಿಷಕ್ಕೆ 24 ಮೀಟರ್. ಸೆಕೆಂಡಿಗೆ 40 ಸೆಂಟಿಮೀಟರ್ ಆಯಿತು. ಹೋಮಿನಿಂದ ಜಾಬಿಗೆ ಇದ್ದದ್ದೇ ಅದಕ್ಕಿಂತ ಕಡಿಮೆ. ನನ್ನ ಬೆರಳು ಎಮರ್ಜೆನ್ಸಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಹೌಸಿಂಗ್ ಮಷೀನಿನ ಹಿಡಿತದಿಂದ ಎಗರಿ ಬಾಗಿಲಿಗೆ ಹೊಡೆದು ಗಾಜು ಬಿರುಕು ಬಿಟ್ಟಿತು. ಬಾರ್ ಬಾಗಿತ್ತು. ಟರೆಟ್ ಜಾಗ ಬಿಟ್ಟು ಸರಿದಿತ್ತು. ಪಕ್ಕದ ಶಾಪಿನಿಂದ ಇಬ್ಬರು ಓಡಿ ಬಂದರು, ಸದ್ದು ಅಷ್ಟಿತ್ತು.

ಉಸ್ತಾದ್ ಬಂದರು. ಬೈಯಲಿಲ್ಲ.

“ಎಲ್ಲಿಂದ ಚಾಲೂ ಮಾಡ್ದಿ?”

“ನಿಂತ ಜಾಗಾದಿಂದೇ ರೀ. ಕರೆಂಟ್ ಹೆಚ್ಚು ಕಡಿಮಿ ಆಗಿ ಹಿಂಗ ಆಗ್ಯಾದ ನೋಡ್ರಿ.”

“ಕರೆಂಟಿನ ಹೆಸರು ಹೇಳಬ್ಯಾಡ. ಸ್ಕ್ರೀನ್ ಮ್ಯಾಲ ಟಿ ಎಷ್ಟದ, ಓದು.”

ಓದಿದೆ. 0101. ಟರೆಟ್ ಎದುರಿಗೇ 5ರಲ್ಲಿ ನಿಂತಿದೆ. ಸುಳ್ಳು ಅಲ್ಲೇ ಮುಗಿಯಿತು. ಅವರು ಒಂದು ಮಾತು ಹೇಳಿದರು: “ಟೂಲಿನ ಮನಿಯೊಳಗ ಬಾಗಲದಿಂದ ಹೋಗಬೇಕೋ ತಮ್ಮಾ, ಕಿಡಕಿಂದ ಜಿಗಿಬಾರದು.” ಬಾಗಿಲು ಅಂದರೆ ಆ ಟಿ ಸಾಲು.

ಮಾಲಕರಿಗೆ ಅವರೇ ಇದ್ದದ್ದು ಇದ್ದ ಹಾಗೆ ಹೇಳಿದರು, ನನ್ನ ಪರ ಒಂದು ಮಾತೂ ಆಡಲಿಲ್ಲ. ಆವತ್ತು ಸಿಟ್ಟು ಬಂದಿತ್ತು. ಹೈದರಾಬಾದಿನಿಂದ ಮೆಕ್ಯಾನಿಕ್ ಬಂದು ಟರೆಟ್ ಬಿಚ್ಚಿ ಡಯಲ್ ಹಿಡಿದು ಕೂರಿಸಿದರು, ಮಷೀನ್ 6 ದಿನ ಬಂದ್. ನನ್ನ ಸಂಬಳ 9,500, ತಿಂಗಳಿಗೆ 2 ಸಾವಿರ ಕಟ್. ಮನೆಯಲ್ಲಿ ಓವರ್‌ಟೈಮ್ ನಿಂತಿದೆ ಅಂತ ಹೇಳಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆವತ್ತು ಮಷೀನಿನಲ್ಲಿದ್ದ ಪ್ರೋಗ್ರಾಂನಲ್ಲಿ ಒಂದು ತಪ್ಪೂ ಇರಲಿಲ್ಲ. ಅದೇ ಪ್ರೋಗ್ರಾಂ 22 ಪೀಸ್ ಕೊಟ್ಟಿತ್ತು, ಆಮೇಲೆ ಉಳಿದ 7 ಪೀಸೂ ಅದರಲ್ಲೇ ಆದವು. ನಾನು ಕ್ಯಾಮ್ ಕಲಿತಿದ್ದರೂ, ಕಂಪ್ಯೂಟರಿನಲ್ಲಿ ಹಸಿರು ಗೆರೆ ಓಡಿಸಿ ಸಿಮ್ಯುಲೇಶನ್ ನೋಡಿದ್ದರೂ ಬಾರ್ ಬಾಗುತ್ತಿತ್ತು. ಟರೆಟ್ ಬಟನ್ ಕೈಯಿಂದ ತಿರುಗಿಸಿದ್ದೀರಿ ಅಂತ ಸಿಮ್ಯುಲೇಶನ್‌ಗೆ ಯಾರು ಹೇಳಬೇಕು? ಅದಕ್ಕೇ ನೀವು ಆಪರೇಟರ್ ಬೇರೆ, ಪ್ರೋಗ್ರಾಮರ್ ಬೇರೆ ಅಂತ ಹಾಕಿರೋ ಗೆರೆಯನ್ನೇ ನಾನು ಒಪ್ಪಲ್ಲ. ದೊಡ್ಡ ಫ್ಯಾಕ್ಟರಿಯಲ್ಲಿ ಇರಬಹುದು. ನಾನು ಆಮೇಲೆ 14 ತಿಂಗಳು ಬೆಂಗಳೂರಿನ ಪೀಣ್ಯದಲ್ಲಿ ದುಡಿದೆ, ಅಲ್ಲಿ ಪ್ರೋಗ್ರಾಂ ಬರೆಯುವವರು ಗಾಜಿನ ರೂಮಿನಲ್ಲಿ, ನಾನು ಜಾಬ್ ಹಾಕು ತೆಗಿ ಹಾಕು ತೆಗಿ. ಕಪನೂರದಲ್ಲಿ 1 ತಿಂಗಳಲ್ಲಿ ಕಲಿತಷ್ಟು ಅಲ್ಲಿ ವರ್ಷದಲ್ಲಿ ಕಲಿಯಲಿಲ್ಲ. ವಾಪಸ್ ಬಂದೆ.

ನಿಮ್ಮ ಶಾಪಿನಲ್ಲಿ ಇರೋದು ಟರ್ನಿಂಗ್ ಮಷೀನ್ ಒಂದೇ, ವಿಎಂಸಿ (ಮಿಲ್ಲಿಂಗ್ ಮಾಡುವ ಮಷೀನ್) ಇಲ್ಲ ಅಂತ ನೀವೇ ಬರೆದಿದ್ದೀರಿ. ಶಾಫ್ಟು, ಬುಷ್ಷು, ಪುಲ್ಲಿಗೆ ಕ್ಯಾಮ್ ಯಾಕೆ? ಜಿ71, ಜಿ70, ಜಿ76 ಕೈಯಿಂದ ಬರೆಯೋಕೆ 15 ನಿಮಿಷ. 45 ಸಾವಿರ ಮನೆಗೆ ಕೊಡಿ. ಮುಂದೆ ಡೈ, ಮೋಲ್ಡ್ ಮಾಡುವ ಆಸೆ ಇದ್ದರೆ ಆಗ ಕ್ಯಾಮ್ ಬೇಕೇ ಬೇಕು, ಅದಕ್ಕೂ ಮೊದಲು ಇಲ್ಲೇ ಕಲಬುರಗಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಏನು ಕಲಿಸುತ್ತಾರೆ ಅಂತ ಹೋಗಿ ಕೇಳಿ.

ಸದ್ಯಕ್ಕೆ ನಿಮ್ಮ ಉಸ್ತಾದ್ ಬರೆದ ಹಳೇ ಪ್ರೋಗ್ರಾಂಗಳನ್ನು ನೋಟ್‌ಬುಕ್ಕಿಗೆ ಕೈಯಿಂದ ಇಳಿಸಿಕೊಳ್ಳಿ, ಮೊಬೈಲಿನಲ್ಲಿ ಫೋಟೋ ಹೊಡೆಯಬೇಡಿ. ಬರೆಯುವಾಗ ಕೈಗೆ ಗೊತ್ತಾಗುತ್ತೆ, ಪ್ರತಿ ಟೂಲೂ ಹೋಮಿನಿಂದ ಶುರುವಾಗಿ ಟಿ ಸಾಲು, ಸ್ಪಿಂಡಲ್, ಕೂಲೆಂಟ್ ಎಲ್ಲ ಮತ್ತೆ ಹೇಳಿ ಹೋಮಿಗೇ ಯಾಕೆ ಮುಗಿಯುತ್ತೆ ಅಂತ. ನಡುವೆ ಕರೆಂಟ್ ಹೋಗುತ್ತೆ ಅಂತಾನೇ ಹಾಗೆ ಬರೆಯೋದು. ಪಾಯಿಂಟ್ (ದಶಮಾಂಶದ ಚುಕ್ಕೆ) ಹಾಕೋದನ್ನೂ ಆಗಲೇ ಕಲಿಯುತ್ತೀರಿ. ಫ್ಯಾನುಕ್ ಕಂಪನಿಯ ಕಂಟ್ರೋಲ್ ಇರುವ ಎಷ್ಟೋ ಮಷೀನಿನಲ್ಲಿ ಎಕ್ಸ್50 ಅಂತ ಪಾಯಿಂಟ್ ಬಿಟ್ಟು ಬರೆದರೆ ಅದು 50 ಎಂಎಂ ಅಲ್ಲ, 50 ಮೈಕ್ರಾನ್. ಅದರ ಕಥೆ ಬೇರೆಯವರ ಹತ್ತಿರ ಕೇಳಿ, ದೇವರ ದಯೆ, ಅದು ನನ್ನದಲ್ಲ.

ಎಲ್ಲಿಂದಲೇ ಶುರು ಮಾಡಿ, ಮೊದಲ ಸಲ ಟೂಲ್ ಜಾಬಿನ ಹತ್ತಿರ ಬರುವಾಗ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸೋದು) ಹಾಕಿ, ರ‍್ಯಾಪಿಡ್ ಕೆಳಗೆ ಇಳಿಸಿ, ಒಂದು ಕೈ ಫೀಡ್ ಹೋಲ್ಡ್ ಮೇಲೆ. ಟೂಲ್ ಜಾಬಿನಿಂದ ಒಂದು ಗೇಣು ದೂರ ಇದ್ದಾಗ ನಿಲ್ಲಿಸಿ. ಸ್ಕ್ರೀನಿನಲ್ಲಿ ಡಿಸ್ಟೆನ್ಸ್ ಟು ಗೋ ಅಂತ ಇರುತ್ತೆ, ಇನ್ನು ಎಷ್ಟು ಹೋಗಬೇಕು ಅಂತ. ಅದನ್ನು ಓದಿ, ಕಣ್ಣಿಂದ ಸಂದು ನೋಡಿ, ಬೇಕಾದರೆ ಸ್ಟೀಲ್ ಸ್ಕೇಲ್ ಹಿಡಿಯಿರಿ. ಸ್ಕ್ರೀನ್ 210 ಅಂತಿದ್ದು ಕಣ್ಣಿಗೆ 150 ಕಂಡರೆ ಮುಂದೆ ಒತ್ತಬೇಡಿ, ಟಿ ನೋಡಿ. ಆವತ್ತು ನಾನು ಇದೊಂದು ಮಾಡಿದ್ದರೆ ಸಾಕಿತ್ತು, 10 ಸೆಕೆಂಡಿನ ಕೆಲಸ. ಪೀಸ್ ಕಡಿಮೆ ಬಂತು ಅಂತ ಮಾಲಕರು ಗೊಣಗಿದರೆ ಗೊಣಗಲಿ.

ಮಷೀನ್ ರಿಪೇರಿ ಆದ ಮೇಲೆ ಉಸ್ತಾದ್ ನನಗೆ ಒಂದು ಚಾಕ್ ಪೀಸ್ ಕೊಟ್ಟಿದ್ದರು. ನಡುವಿನಿಂದ ಶುರು ಮಾಡುವಾಗಲೆಲ್ಲ ಎರಡು ನಂಬರ್ ಬರೆಯಬೇಕು, ಟರೆಟ್ ಮೇಲೆ ಎಷ್ಟು, ಸ್ಕ್ರೀನಿನಲ್ಲಿ ಎಷ್ಟು. ಎರಡೂ ಒಂದೇ ಇದ್ದರೆ ಮಾತ್ರ ಹಸಿರು ಬಟನ್. ಈಗ ನನ್ನ ಹತ್ತಿರ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ, ಅವರಿಗೂ ಅದೇ. ಬಾಗಿಲಿನ ಹೊರಗಡೆ ಬರೆಯಿರಿ. ಒಳಗಡೆ ಬರೆದರೆ ಕೂಲೆಂಟ್ ಸಿಡಿದು ಅಳಿಸಿ ಹೋಗುತ್ತೆ.