ಅಪಾಚೆಯ ವೆಬ್‌ಡ್ಯಾವ್: ಪುಟ ತೆರೆಯುತ್ತದೆ, ಉಳಿಸಿದರೆ 500 ದೋಷ
ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯಲ್ಲಿ ವೆಬ್‌ಡ್ಯಾವ್ (ಸರ್ವರ್‌ನ ಕಡತಗಳನ್ನು ಜಾಲದ ಮೂಲಕವೇ ತಿದ್ದುವ ವ್ಯವಸ್ಥೆ) ಬಳಸುವಾಗ ಪುಟ ಸರಿಯಾಗಿ ತೆರೆದು, ಉಳಿಸುವಾಗ ಮಾತ್ರ 500 ದೋಷ (ಸರ್ವರ್‌ನ ಒಳಗಿನ ದೋಷ) ಬರುತ್ತಿದೆ ಎಂದರೆ ತೊಂದರೆ ಬಹುಮಟ್ಟಿಗೆ ಬೀಗದ ಕಡತದ್ದು, ಅಂದರೆ ಯಾವ ಕಡತವನ್ನು ಯಾರು ತಿದ್ದುತ್ತಿದ್ದಾರೆ ಎಂದು ಗುರುತಿಟ್ಟುಕೊಳ್ಳುವ ಕಡತದ್ದು. ಅದು ಎಲ್ಲಿರಬೇಕು ಎಂದು ಹೇಳುವ ಅಪಾಚೆಯ ಸೆಟ್ಟಿಂಗ್‌ನ ಹೆಸರು ಡ್ಯಾವ್‌ಲಾಕ್‌ಡಿಬಿ. ಬರೆಯುವ ಮುನ್ನ ವೆಬ್‌ಡ್ಯಾವ್ ಬೀಗದ ಕಡತವನ್ನು ತೆರೆದು ನೋಡುತ್ತದೆ. ತೆರೆಯಲು ಅನುಮತಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಅಪಾಚೆ ದೋಷಗಳನ್ನು ಬರೆದಿಡುವ ಲಾಗ್ ನೋಡದೆ ಖಚಿತವಾಗಿ ಹೇಳಲಾಗದು. ಆದ್ದರಿಂದ ಮೊದಲು ಎರರ್ ಲಾಗ್‌ನ ಕೊನೆಯ ಸಾಲುಗಳನ್ನು ಓದಿ. ‘ಪರ್ಮಿಷನ್ ಡಿನೈಡ್’ ಜೊತೆಗೆ ‘ಲಾಕ್ ಡೇಟಾಬೇಸ್’ ಎಂದಿದ್ದರೆ ಕಾರಣ ಇದೇ. ಡ್ಯಾವ್‌ಲಾಕ್‌ಡಿಬಿ ಸೂಚಿಸುವ ಫೋಲ್ಡರ್ ಇಲ್ಲದಿದ್ದರೆ ಸೃಷ್ಟಿಸಿ. ಅದು ಜಾಲತಾಣದ ಫೋಲ್ಡರ್‌ನ ಹೊರಗೇ ಇರಲಿ. ಅದರ ಒಡೆತನವನ್ನು ಅಪಾಚೆಯ ಬಳಕೆದಾರನಿಗೆ ಕೊಡಿ. ಡೆಬಿಯನ್, ಉಬುಂಟುಗಳಲ್ಲಿ ಆ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಬಳಿಕ ಅಪಾಚೆಯನ್ನು ಮರುಚಾಲನೆ ಮಾಡಿ.

ಅವಸರಕ್ಕೆ 777 ಅನುಮತಿ ಮಾತ್ರ ದಯವಿಟ್ಟು ಕೊಡಬೇಡಿ, ಸರ್ವರ್‌ನ ಯಾವ ಖಾತೆಯಾದರೂ ಅಲ್ಲಿ ಬರೆಯಬಹುದು. ಲಾಗ್‌ನಲ್ಲಿ ಪುಟಗಳಿರುವ ಫೋಲ್ಡರ್‌ನ ಹೆಸರೇ ಕಂಡರೆ ಅದರ ಒಡೆತನವನ್ನೂ ಹೀಗೆಯೇ ಬದಲಿಸಿ.